ಲೋಕಪ್ಪನ ಲಾರಿಗೆ ಕುರಿಯ ಗುರುತು

ಅಂಬ್ಲಿಗೊಳದ ಲೋಕಪ್ಪ ಯಾರನ್ನೂ ನಂಬುವವನಲ್ಲ ಎಂಬುದನ್ನು ಊರಿನವರೆಲ್ಲ ನಂಬಿದ್ದರು. ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ಲೋಕಪ್ಪ ಅದನ್ನು ದೇವರಿಗೆ ಒಡೆಸಿದ ಮೇಲೂ, ಪೂಜಾರಿ ಹಿಂದಕ್ಕೆ ಕೊಟ್ಟ ಹೋಳುಗಳು ತನ್ನ ಕಾಯಿಯವೇ ಹೌದೋ ಅಲ್ಲವೋ ಎಂದು ಗುಡಿಯ ಮೆಟ್ಟಿಲ ಮೇಲೆ ಕೂತು ಎರಡನ್ನೂ ಜೋಡಿಸಿ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚುವ ಮೊದಲು ಔಷಧಿ ಬಾಟಲಿ ತೋರಿಸಿ ಎನ್ನುತ್ತಿದ್ದ. ನರ್ಸಮ್ಮ ತೋರಿಸಿದರೆ, ಕೇಳಿದ ಕೂಡಲೇ ಯಾಕೆ ತೋರಿಸಿದಳು ಎಂದು ಮನೆ ಮುಟ್ಟುವವರೆಗೂ ಯೋಚನೆ ಮಾಡುತ್ತಿದ್ದ.

ಇಂಥ ಮನುಷ್ಯನ ಕೈಗೆ ದೇವರು ಒಂದು ಹಳೆಯ ಲಾರಿ ಕೊಟ್ಟಿದ್ದ. ಅದಕ್ಕೆ ಓನರ್ ಅವನೇ, ಡ್ರೈವರ್ ಅವನೇ. ಹಾಗಾಗಿ ಡ್ರೈವರ್ ಡೀಸೆಲ್ ಕದಿಯುತ್ತಾನೆ ಎಂಬ ಅನುಮಾನ ಒಂದನ್ನು ಬಿಟ್ಟು ಉಳಿದ ಅನುಮಾನಗಳೆಲ್ಲ ಅವನಿಗಿದ್ದವು. "ಅದೊಂದು ಇಲ್ಲ ಅಂತ ಖಾತ್ರಿ ಹೇಳಾಕ ಬರಂಗಿಲ್ಲ ಬಿಡ್ರಿ, ಒಮ್ಮೊಮ್ಮೆ ಕನ್ನಡ್ಯಾಗ ತನ್ನ ಮುಖಾನೇ ಒಂಥರಾ ನೋಡ್ತಿರ್ತಾರ," ಎಂದು ಅವನ ಹೆಂಡತಿ ಹೂವಮ್ಮ ನೆರೆಮನೆಯವರಿಗೆ ಹೇಳುತ್ತಿದ್ದಳು.

ಗ್ಯಾರೇಜಿನವರ ವಿಷಯದಲ್ಲಂತೂ ಅವನದೊಂದು ಸಿದ್ಧಾಂತವೇ ಇತ್ತು. ಒಂದು ಗ್ಯಾರೇಜಿಗೆ ಎರಡನೇ ಸಲ ಹೋಗಬಾರದು. ಮೊದಲನೇ ಸಲ ಮೇಸ್ತ್ರಿ ಲಾರಿಯಲ್ಲಿ ಏನೇನು ಒಳ್ಳೆಯದಿದೆ ಎಂದು ನೋಡಿಕೊಳ್ಳುತ್ತಾನೆ, ಎರಡನೇ ಸಲ ಬಿಚ್ಚಿಕೊಳ್ಳುತ್ತಾನೆ. ಈ ಸಿದ್ಧಾಂತದ ಪ್ರಕಾರ ನಡೆದೂ ನಡೆದೂ ಶಿಕಾರಿಪುರದ ಗ್ಯಾರೇಜುಗಳು ಮುಗಿದಿದ್ದವು, ಶಿರಾಳಕೊಪ್ಪದವೂ ಮುಗಿದಿದ್ದವು. ಇನ್ನು ಉಳಿದದ್ದು ಸೊರಬ.

ಅಷ್ಟರಲ್ಲಿ ಲಾರಿ ಟಣ್ ಟಣ್ ಎನ್ನತೊಡಗಿತು. ಹೊತ್ತಲ್ಲದ ಹೊತ್ತಿನಲ್ಲಿ. ಸೊರಬದ ಉಮಾಮಹೇಶ್ವರ ಹೆಗಡೆಯವರು ಈ ವರ್ಷ ತಮ್ಮ ಕಣದ ಶುಂಠಿ ಸಾಗಿಸುವ ಬಾಡಿಗೆಯನ್ನೆಲ್ಲ ಒಂದೇ ಲಾರಿಗೆ ಕೊಡುವುದೆಂದು ತೀರ್ಮಾನಿಸಿ, ಶುಕ್ರವಾರ ಬೆಳಿಗ್ಗೆಯ ಮೊದಲ ಲೋಡಿಗೆ ಲೋಕಪ್ಪನನ್ನು ಕರೆದಿದ್ದರು. ಶುಕ್ರವಾರ ಲಾರಿ ಕಣದಲ್ಲಿ ನಿಂತರೆ ಸೀಸನ್ ಪೂರ್ತಿ ಅವನದು. ನಿಲ್ಲದಿದ್ದರೆ ಸುರೇಂದ್ರನದು. ಸುರೇಂದ್ರನಿಗೆ ಎರಡು ಹೊಸ ಲಾರಿಗಳಿದ್ದವು, ಕಂಡವರಿಗೆಲ್ಲ ಹಲ್ಲು ಕಿರಿಯುವ ಗುಣವೂ ಇತ್ತು. ಈ ಬಾಡಿಗೆ ತಪ್ಪಿದರೆ ಮೆಕ್ಕೆಜೋಳ ಬರುವವರೆಗೆ ಲೋಕಪ್ಪನ ಲಾರಿ ಮನೆಯ ಮುಂದೆ ನಿಂತು ಕೋಳಿಗಳಿಗೆ ನೆರಳು ಕೊಡಬೇಕಾಗಿತ್ತು.

"ಸೊರಬದ ಗ್ಯಾರೇಜಿನಾಗ ಒಬ್ರೂ ಗುರುತಿಲ್ಲ. ಹೊಸ ಡೈನಮೋ ಬಿಚ್ಚಿಕೊಂಡು ಹಳೇದು ಹಾಕಿ ಕಳಿಸಿದ್ರ ಏನ್ ಮಾಡ್ಲಿ?" ಎಂದು ಸೋಮವಾರ ಉಣ್ಣುವಾಗ ಲೋಕಪ್ಪ ನರಳಿದ.

ಅವನ ತಾಯಿ ಗುಡ್ಡಮ್ಮ ರೊಟ್ಟಿ ಮುರಿಯುತ್ತ ತಲೆ ಎತ್ತಿದಳು. ಆಕೆ ಅರ್ಧ ಆಯುಷ್ಯ ಕುರಿಗಳ ಹಿಂದೆ ನಡೆದವಳು. "ಬ್ಯಾರೇರ ಹೊಲದಾಗ ಕುರಿ ನಿಲ್ಸೋವಾಗ ನಿಮ್ಮಪ್ಪ ಏನ್ ಮಾಡ್ತಿದ್ದ? ಬಣ್ಣದ ಗುರುತು ಹಾಕ್ತಿದ್ದ. ಗುರುತಿಲ್ಲದ ಕುರಿ ಕಂಡೋರ ಪಾಲು ಕಣಲೇ. ಲಾರಿ ಏನು ಕುರಿಗಿಂತ ಹೆಚ್ಚಿಂದೇನು?"

ಲೋಕಪ್ಪ ಕೈ ತೊಳೆಯಲಿಲ್ಲ, ಎದ್ದೇಬಿಟ್ಟ. ಆ ಮನೆತನದ ಕುರಿಗಳ ಗುರುತು ಎರಡು ಕೆಂಪು ಗೀಟು, ಒಂದರ ಪಕ್ಕ ಒಂದು. ಅವನು ಕೆಂಪು ಆಯಿಲ್ ಪೇಂಟಿನ ಡಬ್ಬಿ ತಂದು ಲಾರಿಯ ಮೇಲೆ, ಕೆಳಗೆ, ಬಾನೆಟ್ಟಿನ ಒಳಗೆ ಕುಂಚ ಮುಟ್ಟಿದಲ್ಲೆಲ್ಲ ಎರಡೆರಡು ಗೀಟು ಎಳೆದ. ಬ್ಯಾಟರಿ, ರೇಡಿಯೇಟರ್, ಡೈನಮೋ, ಟೈರು, ಜಾಕು, ಬಾಗಿಲು, ವೈಪರು, ಡೀಸೆಲ್ ಟ್ಯಾಂಕು, ಟ್ಯಾಂಕಿಗೆ ಸುತ್ತಿದ ಸರಪಳಿ, ಸರಪಳಿಗೆ ಹಾಕಿದ ಬೀಗ, ಯಾವುದನ್ನೂ ಬಿಡಲಿಲ್ಲ. ಸೈಲೆನ್ಸರಿನಿಂದ ಬರುವ ಹೊಗೆಗೆ ಬಣ್ಣ ಹತ್ತುವುದಿಲ್ಲವೆಂದು ಅದೊಂದನ್ನು ಬಿಟ್ಟ.

"ಸ್ಟೇರಿಂಗಿಗೂ ಯಾಕ್ರೀ? ಅದನ್ನ ಬಿಚ್ಚಿಕೊಂಡ್ರ ಲಾರಿ ವಾಪಸ್ ಹೆಂಗ ಬರ್ತೈತಿ?" ಎಂದು ಕೇಳಿದಳು ಹೂವಮ್ಮ.

"ಹಳೇದು ಹಾಕಿ ಕಳಿಸ್ತಾರ. ನಿನಗ ಗೊತ್ತಾಗಂಗಿಲ್ಲ. ಮತ್ತ, ಈ ಗುರುತಿನ ವಿಷಯ ಯಾರ ಮುಂದೂ ಬಾಯಿ ಬಿಡಬ್ಯಾಡ."

ಮಂಗಳವಾರ ಬೆಳಿಗ್ಗೆ ಲಾರಿ ಸೊರಬದ ಶಿವಮೂರ್ತಪ್ಪ ಮೇಸ್ತ್ರಿಯ ಗ್ಯಾರೇಜು ಸೇರಿತು. ಮೇಸ್ತ್ರಿ ಅಂದು ಬಂದಳಿಕೆಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ಬಿಳಿ ಅಂಗಿ ತೊಟ್ಟು ಬೈಕಿನ ಮೇಲೆ ಕೂತಿದ್ದ. ಬಿಳಿ ಅಂಗಿಯ ಮೆಕ್ಯಾನಿಕ್ಕನ್ನು ಕಂಡು ಲೋಕಪ್ಪನ ಹುಬ್ಬು ಆಗಲೇ ಮೇಲೇರಿತು.

"ಎಂತ ತೊಂದ್ರೆ ಲಾರಿಗೆ?" ಎಂದು ಮೇಸ್ತ್ರಿ ಕೇಳಿದ.

"ನೀವೇ ನೋಡಿ ಹೇಳ್ರಿ."

"ಶಬ್ದ ಬರ್ತದಾ? ಹೊಗೆ ಬರ್ತದಾ?"

"ನಾ ಹೇಳಿದ್ರ ನಿಮಗ ಗೊತ್ತಾಗಿಬಿಡ್ತೈತಿ."

"ಗೊತ್ತಾಗ್ಲಿ ಅಂತ್ಲೇ ಕೇಳಿದ್ದು ಮಾರಾಯ್ರೆ."

"ಗೊತ್ತಿದ್ದೋರಿಗೆ ಹೇಳೋದ್ಯಾಕ್ರೀ? ಗೊತ್ತಿಲ್ದೋರಿಗೆ ಹೇಳಿ ಏನು ಉಪಯೋಗ?" ಎಂದು ಲೋಕಪ್ಪ ಕೀಲಿಕೈ ಕೊಟ್ಟ. ಕೊಡುವಾಗ ಅದರ ಮೇಲಿನ ಎರಡು ಗೀಟನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದ.

ಮಧ್ಯಾಹ್ನ ಬಂದು ನೋಡಿದರಾಯಿತು ಎಂದುಕೊಂಡು ಮೇಸ್ತ್ರಿ ಬಂದಳಿಕೆಯ ದಾರಿ ಹಿಡಿದ. ಲೋಕಪ್ಪ ಬಸ್ಸಿನ ದಾರಿ ಹಿಡಿದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಶಿವಮೂರ್ತಪ್ಪ ಕೆಲಸದ ಹೊತ್ತಿನಲ್ಲಿ ಮಾತು ಹೆಚ್ಚು ಆಡುವವನಲ್ಲ. ಕೆಂಪು ಬಣ್ಣದ ಡಬ್ಬಿ ಹಿಡಿದು ಲಾರಿಯನ್ನು ಒಂದು ಸುತ್ತು ಹಾಕಿ, ಯಾವ ಭಾಗ ಬಿಚ್ಚಬೇಕೋ ಅದಕ್ಕೆ ಒಂದು ಗೀಟು ಎಳೆಯುವುದು ಅವನ ಪದ್ಧತಿ. ಕೆಲಸದವರು ಕೆಂಪು ಕಂಡಲ್ಲಿ ಸ್ಪ್ಯಾನರ್ ಹಾಕಬೇಕು. ಪ್ರಶ್ನೆ ಕೇಳಿದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈ ಪದ್ಧತಿ ಲೋಕಪ್ಪನಿಗೆ ಗೊತ್ತಿರಲಿಲ್ಲ. ಕುರಿಯವರ ಪದ್ಧತಿ ಮೇಸ್ತ್ರಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿರುವ ನಾವು ನೀವು ಅವತ್ತು ಅಲ್ಲಿರಲಿಲ್ಲ.

ಅಲ್ಲಿದ್ದ ಇಬ್ಬರು ಕೆಲಸದವರು ಲಾರಿಯನ್ನು ಒಂದು ಸುತ್ತು ಹಾಕಿ ನೋಡಿದರು.

"ಇಷ್ಟೂ ಬಿಚ್ಚೋದಾ?" ಎಂದ ಒಬ್ಬ.

"ಮೇಸ್ತ್ರಿ ಗುರುತು ಹಾಕಿದ್ಮೇಲೆ ಮುಗೀತು. ಕೇಳಿದ್ರೆ ಬೈಸ್ಕೊಳ್ಳೋದು ನೀನು," ಎಂದ ಇನ್ನೊಬ್ಬ.

"ಯಾವಾಗ್ಲೂ ಒಂದು ಗೀಟು ಹಾಕ್ತಾರೆ. ಇಲ್ಲಿ ಎರಡೆರಡು ಉಂಟಲ್ಲ?"

"ಹಂಗಾದ್ರೆ ಅರ್ಜೆಂಟು."

ಸಂಜೆ ಮೇಸ್ತ್ರಿ ಹೋಳಿಗೆ ಗಂಟು ಹಿಡಿದು ಬಂದಾಗ ಗ್ಯಾರೇಜಿನ ಅಂಗಳದ ತುಂಬ ತಾಡಪಾಲು ಹಾಸಿತ್ತು. ತಾಡಪಾಲುಗಳ ಮೇಲೆ ಲೋಕಪ್ಪನ ಲಾರಿ ಬಿಸಿಲಿಗೆ ಹರವಿದ ಅಡಿಕೆಯ ಹಾಗೆ ಬಿದ್ದಿತ್ತು. ಯಾರು ಹೇಳಿದ್ದು ಎಂದು ಮೇಸ್ತ್ರಿ ಗುಡುಗಿದ. ನೀವೇ ಗೀಟು ಎಳೆದಿದ್ದಿರಲ್ಲ ಎಂದರು ಇಬ್ಬರೂ. ನಾನಲ್ಲ ಎಂದ ಮೇಸ್ತ್ರಿ. ಹಾಗಾದರೆ ಮತ್ಯಾರು ಎಂಬ ಪ್ರಶ್ನೆ ಬಂತು. ಅದನ್ನು ಕೇಳಲು ಮೇಸ್ತ್ರಿ ಲೋಕಪ್ಪನಿಗೆ ಫೋನು ಹಚ್ಚಿದ.

ಅಂಬ್ಲಿಗೊಳದಲ್ಲಿ ಫೋನು ಬಡಿದುಕೊಂಡಿತು.

"ಗ್ಯಾರೇಜಿಂದ. ಎತ್ತಬ್ಯಾಡ," ಎಂದ ಲೋಕಪ್ಪ.

"ಯಾಕ್ರೀ? ಏನೋ ಕೇಳೋದಿರ್ತೈತಿ."

"ಅದಕ್ಕ ಮತ್ತ. ಅದು ಹೋಗೈತಿ, ಇದು ಹೋಗೈತಿ, ಹೊಸಾದು ಹಾಕ್ಲಾ ಅಂತ ಕೇಳ್ತಾರ. ಹೂಂ ಅಂದ್ರ ನಾವು ಸತ್ವಿ. ಎತ್ತಲೇ ಇಲ್ಲ ಅಂದ್ರ ಹೆಂಗ ಹಾಕ್ತಾರ?" ಎಂದು ಅವನು ಫೋನನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟು ಮುಚ್ಚಳ ಹಾಕಿದ. ಫೋನು ಅಲ್ಲಿಂದಲೂ ಕೂಗಿತು. ಡಬ್ಬಿ ಅಳ್ತೈತಿ, ಯಾರಾದ್ರೂ ಎತ್ಕೊಳ್ರೇ ಎಂದು ಗುಡ್ಡಮ್ಮ ಒಳಗಿನಿಂದ ಕೂಗಿದಳು.

ಬುಧವಾರ ಬೆಳಿಗ್ಗೆ ಡಬ್ಬಿ ಸುಮ್ಮನಾಯಿತು. ಆಗ ಲೋಕಪ್ಪನಿಗೆ ನಿಜವಾದ ಅನುಮಾನ ಹುಟ್ಟಿತು. ಕೇಳುವುದನ್ನು ಬಿಟ್ಟಿದ್ದಾರೆ ಎಂದರೆ ಕೇಳದೆಯೇ ಮಾಡುತ್ತಿದ್ದಾರೆ ಎಂದರ್ಥ. ಅವನು ಹೂವಮ್ಮನ ತಮ್ಮ ಯತೀಶನನ್ನು ಗೂಢಚಾರನಾಗಿ ಸೊರಬಕ್ಕೆ ಅಟ್ಟಿದ. ಯತೀಶ ಶಿಕಾರಿಪುರದ ಎಪಿಎಂಸಿ ಎದುರು ಚಹಾದಂಗಡಿ ಇಟ್ಟವನು. ಏನೂ ಕೇಳದವನಂತೆ ನಿಂತು ಎಲ್ಲ ಕೇಳಿಸಿಕೊಳ್ಳುವುದು ಅವನ ಕಸುಬಿನ ಭಾಗವೇ ಆಗಿತ್ತು. ಅವನು ಬೈಕಿನಲ್ಲಿ ಹೋಗಿ, ಗ್ಯಾರೇಜಿನ ಬೇಲಿಯಾಚೆ ನಿಂತು, ಅಕ್ಕನ ಫೋನಿಗೆ ವರದಿ ಮಾಡಿದ.

"ಭಾವ, ಲಾರಿ ಐತಿ. ಆದ್ರ ನಿಂತಿಲ್ಲ."

"ನಿಂತಿಲ್ಲ ಅಂದ್ರ ಓಡಾಡ್ತೈತೇನಲೇ?"

"ಮಲಗೈತಿ."

"ಒಂದ್ ಕಡಿ ವಾಲೈತೇನು?"

"ಎಲ್ಲಾ ಕಡಿ ಐತಿ ಭಾವ. ಬಾಗ್ಲು ಒಂದ್ ಕಡಿ, ಸೀಟು ಒಂದ್ ಕಡಿ. ಒಂದು ಟೈರಿನ ಮ್ಯಾಲೆ ನಾಯಿ ಮಲಗೈತಿ."

ಲೋಕಪ್ಪನಿಗೆ ಎಲ್ಲ ಹೊಳೆಯಿತು. ಲಾರಿಯನ್ನು ಬಿಡಿಬಿಡಿಯಾಗಿ ಮಾರುತ್ತಿದ್ದಾರೆ. ಇದರ ಹಿಂದೆ ಸುರೇಂದ್ರನ ಕೈವಾಡ ಇದೆ. ಅವನು ಹೆಂಡತಿಯನ್ನೂ, ಗುರುತಿಗೆ ಸಾಕ್ಷಿಯೆಂದು ತಾಯಿಯನ್ನೂ ಬಸ್ಸು ಹತ್ತಿಸಿಕೊಂಡು ಸೊರಬಕ್ಕೆ ಹೋಗಿ ನೇರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ.

ಅಲ್ಲಿ ಶಿವಮೂರ್ತಪ್ಪ ಮೇಸ್ತ್ರಿ ಮೊದಲೇ ಬಂದು ಕೂತಿದ್ದ. ಅವನೂ ಮನುಷ್ಯನೇ ತಾನೆ, ರಾತ್ರಿಯಿಡೀ ಅನುಮಾನಪಟ್ಟಿದ್ದ. ಲಾರಿ ತಂದವನು ತೊಂದರೆ ಏನೆಂದು ಹೇಳಲಿಲ್ಲ. ಫೋನು ಎತ್ತಲಿಲ್ಲ. ಲಾರಿಯ ತುಂಬ ಏನೋ ಗುಪ್ತ ಗುರುತು. ಇದು ಕದ್ದ ಲಾರಿಯೇ ಸೈ ಎಂದು ಅವನು ದೂರು ಕೊಡಲು ಬಂದಿದ್ದ.

ಹೆಡ್ ಕಾನ್‌ಸ್ಟೇಬಲ್ ರಮ್ಯ ಮೇಡಂ ಇಬ್ಬರ ಮಾತನ್ನೂ ಕೇಳಿ ಪೆನ್ನು ಕೆಳಗಿಟ್ಟರು.

"ನಿಮ್ಮ ಲಾರಿ ಕಳುವಾಗಿದೆ ಅಂತೀರಿ."

"ಹೌದ್ರಿ, ಇವ್ರ ಗ್ಯಾರೇಜಿನಾಗ."

"ನಿಮ್ಮ ಗ್ಯಾರೇಜಿಗೆ ಕಳವಿನ ಲಾರಿ ಬಂದಿದೆ ಅಂತೀರಿ."

"ಹೌದು ಮೇಡಂ, ಇವ್ರೇ ತಂದದ್ದು."

"ಕಳ್ಳ ಯಾರು?"

ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. ಮೇಡಂ ಇಬ್ಬರನ್ನೂ ಜೀಪು ಹತ್ತಿಸಿಕೊಂಡು ಗ್ಯಾರೇಜಿಗೆ ಹೊರಟರು. ಹೂವಮ್ಮ ಹಿಂದೆ ಹತ್ತಿದಳು, ಗುಡ್ಡಮ್ಮ ಯಾರೂ ಹೇಳದಿದ್ದರೂ ಮುಂದಿನ ಸೀಟಿನಲ್ಲಿ ಕೂತಳು.

ಅಂಗಳದಲ್ಲಿ ತನ್ನ ಲಾರಿಯನ್ನು ಕಂಡು ಲೋಕಪ್ಪನಿಗೆ ಅಳುವೇ ಬಂತು. ನಾಳೆ ಒಂದು ದಿನ ಕಳೆದರೆ ಶುಕ್ರವಾರ. ಇವು ನಿಮ್ಮವೇ ಎಂಬುದಕ್ಕೆ ಪುರಾವೆ ಏನು ಎಂದು ಮೇಡಂ ಕೇಳಿದಾಗ ಅವನು ತಾಯಿಯ ಕಡೆ ಕೈ ತೋರಿಸಿದ. ಗುಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾಡಪಾಲುಗಳ ನಡುವೆ ನಡೆದಳು. "ಇದು ನಮ್ದು. ಇದೂ ನಮ್ದು. ಅಗೋ ಆ ಮೂಲ್ಯಾಗ ಐತಲ್ಲ, ಅದೂ ನಮ್ದು," ಎನ್ನುತ್ತ ಹೋದವಳು ಇನ್ಯಾರದೋ ಗೇರ್‌ಬಾಕ್ಸಿನ ಮುಂದೆ ನಿಂತಳು. "ಇದಕ್ಕ ಒಂದೇ ಗೀಟು. ಇದು ಬ್ಯಾರೆ ಹಿಂಡಿಂದು."

"ಅದು ನಾ ಹಾಕಿದ ಗೀಟು," ಎಂದ ಮೇಸ್ತ್ರಿ. "ಬಿಚ್ಚಲಿಕ್ಕೆ."

"ಬಿಚ್ಚಲಿಕ್ಕೆ ಗೀಟು ಹಾಕ್ತಾರೇನ್ರೀ?" ಎಂದ ಲೋಕಪ್ಪ. "ಬಿಚ್ಚಬಾರದು ಅಂತ ಹಾಕ್ತಾರ."

ಮೇಡಂಗೆ ಎಲ್ಲ ಅರ್ಥವಾಯಿತು. ಅವರು ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಭುಜ ಕುಣಿಸಿ, ಮತ್ತೆ ಗಂಭೀರವಾಗಿ ತಿರುಗಿದರು. ಪೊಲೀಸರ ಎದುರಿಗಾದರೂ ಲಾರಿಯ ತೊಂದರೆ ಏನೆಂದು ಹೇಳಿ ಎಂದು ಮೇಸ್ತ್ರಿ ಕೈಮುಗಿದ.

"ಟಣ್ ಟಣ್ ಅಂತೈತಿ," ಎಂದು ಲೋಕಪ್ಪ ಕೊನೆಗೂ ಬಾಯಿ ಬಿಟ್ಟ.

ಮೇಸ್ತ್ರಿ ತಾಡಪಾಲಿನಿಂದ ಡೀಸೆಲ್ ಟ್ಯಾಂಕಿನ ಸರಪಳಿ ಎತ್ತಿ, ಬೀಗದ ಸಮೇತ ಚಾಸಿಯ ಕಬ್ಬಿಣಕ್ಕೆ ಬಡಿದ. ಟಣ್ ಎಂದಿತು. "ಹೀಂಗಾ?"

"ಹಂಗ. ಥೇಟು ಹಂಗ."

"ಈ ಸರಪಳಿ ಸಡಿಲಾಗಿ ಚಾಸಿಗೆ ಹೊಡೀತಾ ಇತ್ತು. ಲಾರಿಗೆ ಎಂತ ರೋಗವೂ ಇಲ್ಲ. ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?"

"ಇವ್ರೇ," ಎಂದಳು ಹೂವಮ್ಮ. "ಡೀಸೆಲ್ ಕದೀತಾರ ಅಂತ."

ಕೇಸು ಹಾಕಿದರೆ ಈ ಸಾಮಾನನ್ನೆಲ್ಲ ಠಾಣೆಗೆ ಹೊರುವವರು ಯಾರು ಎಂದು ಕೇಳಿದ ಮೇಡಂ, ಇದ್ದದ್ದನ್ನು ಇದ್ದಲ್ಲಿಗೇ ಜೋಡಿಸಿ ಎಂದು ಅಪ್ಪಣೆ ಮಾಡಿ, ಗುರುವಾರ ಸಂಜೆ ಬಂದು ನೋಡುತ್ತೇನೆ ಎಂದು ಹೋದರು. ತಪ್ಪು ನಮ್ಮ ಕೆಲಸದವರದೂ ಇದೆ, ಕೂಲಿ ಬೇಡ ಎಂದ ಮೇಸ್ತ್ರಿ. ಬೇಡ ಎಂದದ್ದು ಕೇಳಿ ಲೋಕಪ್ಪನ ಅನುಮಾನ ಇಮ್ಮಡಿಯಾಯಿತು.

ಗುರುವಾರ ಅವನು ಅಂಗಳದ ನಡುವೆ ಒಂದು ಡ್ರಮ್ಮು ಬೋರಲು ಹಾಕಿಕೊಂಡು ಕೂತ. ಹೂವಮ್ಮ ಸಾಮಾನು ಎತ್ತಿ ಕೊಟ್ಟಳು, ಯತೀಶ ಚಹಾ ತಂದ, ಗುಡ್ಡಮ್ಮ ಎರಡು ಗೀಟು ಇದೆಯೋ ಇಲ್ಲವೋ ಎಂದು ನೋಡಿ ಹೂಂ ಎಂದಳು. ಹೂಂ ಎಂದ ಮೇಲಷ್ಟೇ ಆ ಭಾಗ ಲಾರಿ ಹತ್ತಬೇಕು. ನಟ್ಟು ಬೋಲ್ಟುಗಳಿಗೆ ಗೀಟಿಲ್ಲವಾದ್ದರಿಂದ ಅವುಗಳನ್ನು ಲೋಕಪ್ಪ ಕಣ್ಣಿನಿಂದಲೇ ಕಾದ.

ಮಧ್ಯಾಹ್ನದ ಹೊತ್ತಿಗೆ ಉಮಾಮಹೇಶ್ವರ ಹೆಗಡೆಯವರ ಜೀಪು ಬಂದು ನಿಂತಿತು. ಲೋಕಪ್ಪನ ಲಾರಿ ಈಗ ಲಾರಿಯಾಗಿ ಉಳಿದಿಲ್ಲ ಎಂಬ ಸಮಾಚಾರವನ್ನು ಸುರೇಂದ್ರ ನಗುನಗುತ್ತ ಅವರಿಗೆ ಮುಟ್ಟಿಸಿದ್ದ. ಬಾಡಿಗೆ ಸುರೇಂದ್ರನಿಗೇ ಎಂದು ಹೇಳಿ ಹೋಗಲು ಬಂದಿದ್ದ ಹೆಗಡೆಯವರು, ಲೋಕಪ್ಪ ಕೆಲಸದವನೊಬ್ಬನ ಜತೆ ಜಗಳವಾಡುತ್ತಿದ್ದುದನ್ನು ಕಂಡು ಜೀಪಿನಲ್ಲೇ ಕೂತು ಕಿವಿಗೊಟ್ಟರು.

"ಆ ವಾಶರ್ ಜೇಬಿಗೆ ಯಾಕ ಹೋತು?"

"ಬೀಡಿ ತೆಗಿಲಿಕ್ಕೆ ಕೈ ಹಾಕಿದ್ದು ಮಾರಾಯ್ರೆ."

"ಕೈ ಒಳಗ ಹೋಗೋವಾಗ ಮುಷ್ಟಿ ಇತ್ತು. ಹೊರಗ ಬರೋವಾಗ ಬಿಚ್ಚಿತ್ತು. ಬೀಡಿ ತೆಗ್ಯೋರಿಗೆ ಅದು ತಿರುಗಾ ಮುರುಗಾ ಆಗ್ಬೇಕಲ್ಲ?"

ಹೆಗಡೆಯವರು ಮಾರುಹೋದರು. ಇಷ್ಟು ವರ್ಷ ಅವರು ಕಂಡ ಲಾರಿಯವರೆಲ್ಲ ಸುರೇಂದ್ರನಂತೆ ನಗುವವರೇ. ನಕ್ಕು ತುಂಬಿಸಿಕೊಂಡ ಶುಂಠಿ ದಾರಿಯಲ್ಲಿ ಹೇಗೋ ಹಗುರವಾಗಿಬಿಡುತ್ತಿತ್ತು. ಅವರು ಜೀಪಿನಿಂದ ಇಳಿದು ಬಂದರು.

"ಲೋಕಪ್ಪನವರೆ, ಇಂಥ ಕಣ್ಣಿನ ಮನುಷ್ಯನ್ನೇ ನಾನು ಹುಡುಕ್ತಾ ಇದ್ದದ್ದು. ಸಂಜೆಯೊಳಗೆ ಲಾರಿ ಎದ್ದು ನಿಂತರೆ ಸೀಸನ್ ನಿಮ್ಮದೇ. ನಾ ಇಲ್ಲೇ ಕೂತ್ಕೊಳ್ತೇನೆ."

ಸಂಜೆಯೊಳಗೆ ಲಾರಿ ಎದ್ದು ನಿಂತಿತು. ಎರಡು ಗೀಟಿನ ಸಾಮಾನು ಒಂದೂ ಕಡಿಮೆಯಾಗಿರಲಿಲ್ಲ. ಬಿಚ್ಚಿದ್ದನ್ನೆಲ್ಲ ಒರೆಸಿ, ಗ್ರೀಸು ಹಚ್ಚಿ ಕೂರಿಸಿದ್ದರಿಂದ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಮೇಸ್ತ್ರಿ ಬಂದಳಿಕೆಯ ಹೋಳಿಗೆಯನ್ನು ಗುಡ್ಡಮ್ಮನಿಗೆ ಮೊದಲು ಕೊಟ್ಟು ಆಮೇಲೆ ಎಲ್ಲರಿಗೂ ಹಂಚಿದ. ಹೋಳಿಗೆ ತಿಂದ ಲೋಕಪ್ಪನ ಮನಸ್ಸು ಕರಗಿತು. ಇಷ್ಟು ದಿನ ತಾನು ಗ್ಯಾರೇಜಿನವರನ್ನು ಬಾಯಿಗೆ ಬಂದಂತೆ ಅಂದದ್ದಕ್ಕೆ ನಾಚಿಕೆಯೂ ಆಯಿತು.

"ಒಂದು ಸುತ್ತು ಓಡ್ಸಿ ನೋಡ್ಬಿಡಿ," ಎಂದು ಮೇಸ್ತ್ರಿ ಕೀಲಿಕೈ ಚಾಚಿದ.

"ಯಾಕ್ರೀ ಬೇಕು? ನೀವು ಸರಿ ಐತಿ ಅಂದ್ಮ್ಯಾಲೆ ಸರಿ ಐತಿ," ಎಂದ ಲೋಕಪ್ಪ. "ನಿಮ್ಮ ಮ್ಯಾಲೆ ನನಗ ನಂಬಿಕಿ ಐತಿ."

ಯತೀಶನ ಕೈಯಲ್ಲಿದ್ದ ಚಹಾ ಲೋಟ ವಾಲಿತು. ಗುಡ್ಡಮ್ಮ ಮಗನ ಹಣೆ ಮುಟ್ಟಿ ಜ್ವರ ನೋಡಿದಳು. ಮೇಸ್ತ್ರಿ ಕೀಲಿಕೈಯನ್ನು ಹಿಂದಕ್ಕೆಳೆದುಕೊಂಡು, "ಓಡ್ಸದೆ ತಗೊಂಡು ಹೋಗಿ ನಾಳೆ ಎಂತಾದ್ರೂ ಹೇಳ್ಲಿಕ್ಕೆ ಅಲ್ವಾ? ಸಾಕ್ಷಿ ಇಲ್ದೆ ನಾ ಕೊಡೋದಿಲ್ಲ," ಎಂದ. ಲಾರಿ ನೋಡಲು ಅದೇ ತಾನೆ ಬಂದಿದ್ದ ರಮ್ಯ ಮೇಡಂ ಬಾಗಿಲಲ್ಲೇ ನಿಂತು ಲೋಕಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

ಎಲ್ಲರಿಗಿಂತ ಹೆಚ್ಚು ಬದಲಾದದ್ದು ಹೆಗಡೆಯವರ ಮುಖ. ಕಂಡವರನ್ನು ನಂಬುವ ಲಾರಿಯವನು ಸುರೇಂದ್ರನಿಗಿಂತ ಯಾವ ರೀತಿಯಲ್ಲಿ ಮೇಲು? ಅವರು ಹೆಗಲ ಮೇಲಿನ ಟವೆಲ್ಲು ಕೊಡವಿದರು.

"ಬಾಡಿಗೆ ವಿಷಯ ಸ್ವಲ್ಪ ಯೋಚನೆ ಮಾಡಿ ಹೇಳ್ತೇನೆ," ಎಂದು ಜೀಪಿನ ಕಡೆ ತಿರುಗಿದರು.

ಹೂವಮ್ಮ ಗಂಡನ ರಟ್ಟೆ ಚಿವುಟಿದಳು. "ರೀ, ಯಾರ ಮ್ಯಾಲಾದ್ರೂ ಅನುಮಾನ ಪಡ್ರಿ. ಲಗೂನ. ಬಾಡಿಗಿ ಹೋಗ್ತೈತಿ."

ಲೋಕಪ್ಪ ಗಾಬರಿಯಿಂದ ಸುತ್ತಲೂ ನೋಡಿದ. ಮೇಸ್ತ್ರಿಯ ಮೇಲೆ ಬರಲಿಲ್ಲ, ಹೋಳಿಗೆ ಇನ್ನೂ ನಾಲಿಗೆಯ ಮೇಲಿತ್ತು. ಕೆಲಸದವರ ಮೇಲೆ ಬರಲಿಲ್ಲ. ಪೊಲೀಸರ ಮೇಲೆ ಬಂದರೂ ಹೇಳುವ ಹಾಗಿರಲಿಲ್ಲ. ಹೆಗಡೆಯವರು ಒಂದು ಕಾಲನ್ನು ಜೀಪಿನೊಳಗೆ ಇಟ್ಟಾಗಿತ್ತು.

"ಹೆಗಡೇರ," ಎಂದು ಲೋಕಪ್ಪ ಕೂಗಿದ. "ನಿಮ್ಮ ಕಣದಾಗಿನ ತಕ್ಕಡಿ ಸರಿ ಐತೇನ್ರೀ?"

ಹೂವಮ್ಮ ಕಣ್ಣು ಮುಚ್ಚಿಕೊಂಡಳು. ಸೊರಬದಲ್ಲಿ ಹೆಗಡೆ ಮನೆತನದವರ ತಕ್ಕಡಿಯ ಮಾತನ್ನು ಅವರ ಮುಖಕ್ಕೇ ಆಡಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ.

ಹೆಗಡೆಯವರು ನಿಧಾನವಾಗಿ ಕಾಲು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು ದೊಡ್ಡದೊಂದು ಉಸಿರು ಬಿಟ್ಟರು.

"ಅಬ್ಬ, ಈಗ ಜೀವ ಬಂತು," ಎಂದರು. "ಬೆಳಿಗ್ಗೆ ಬೇಗ ಬಂದ್ಬಿಡಿ ಮಾರಾಯ್ರೆ. ಬರುವಾಗ ನಿಮ್ಮ ತಕ್ಕಡಿಯನ್ನೂ ತಗೊಂಡು ಬನ್ನಿ."